ತಂದೆಯ ನಾಗಸ್ವರ, ಮಗನ ಸ್ಯಾಕ್ಸೊಫೋನ್

ಕುಲವಿದ್ಯೆಯನ್ನು ಮಗನು ಕೈಬಿಟ್ಟನೆಂದು ಕೊರಗುವ ತಂದೆಯರು ಎಲ್ಲ ಊರುಗಳಲ್ಲಿಯೂ ಉಂಟು. ನಮ್ಮ ಹೊಂಗನೂರಿನ ಸುತ್ತಿನ ವಾಲಗದವರ ಮನೆಗಳಲ್ಲಿಯೂ, ಚನ್ನಪಟ್ಟಣದ ಅರಗುಬಣ್ಣದ ಬೊಂಬೆ ಕೆಲಸದವರ ಮನೆಗಳಲ್ಲಿಯೂ ಈ ಮಾತು ಕೇಳಿಬರುವುದು. ಅಂಥ ಗೃಹಸ್ಥರು ಕದ್ರಿ ಗೋಪಾಲನಾಥರ ಜೀವನವನ್ನು ಒಮ್ಮೆ ಅವಲೋಕಿಸಬೇಕೆಂದು ನಮ್ಮ ಬಿನ್ನಹ.

ಇವರು 1949ನೆಯ ಇಸವಿಯಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗನ ಮೊದಲ ಪಾಠವೂ ಅದರಲ್ಲಿಯೇ ನಡೆಯಿತು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿದಂದಿನಿಂದ ಆ ಬಾಲಕನ ಮನಸ್ಸು ಅದರಲ್ಲಿ ನೆಟ್ಟಿತು. ಬೆಲ್ಜಿಯಮ್ ದೇಶದ ಅಡಾಲ್ಫ್ ಸ್ಯಾಕ್ಸನು 1840ರ ದಶಕದಲ್ಲಿ ನಿರ್ಮಿಸಿದ ಈ ಹಿತ್ತಾಳೆಯ ವಾದ್ಯವು ಮೊದಲು ಸೈನ್ಯದ ಬ್ಯಾಂಡಿಗೂ, ಅನಂತರ ಅಮೆರಿಕದ ಕಪ್ಪು ಜನರು ಬೆಳೆಸಿದ ಜಾಸ್ ಸಂಗೀತಕ್ಕೂ ಸಂದಿತ್ತು. ಕೀಲಿಗಳನ್ನೊತ್ತಿ ನುಡಿಸುವ ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಮಕಗಳನ್ನು ಹೊರಡಿಸುವುದು ಸುಲಭವಲ್ಲ. ಗೋಪಾಲನಾಥರು ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರವರಲ್ಲಿಯೂ, ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್‌ರವರಲ್ಲಿಯೂ ಶಿಷ್ಯವೃತ್ತಿ ಮಾಡಿದರು. ಆ ವಾದ್ಯವು ಕೈವಶವಾಗಲು ಸುಮಾರು 20 ವರ್ಷಗಳೇ ಹಿಡಿದವು.

1980ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಅಮೆರಿಕದ ಪ್ರಸಿದ್ಧ ವಾದಕ ಜಾನ್ ಹ್ಯಾಂಡಿಯವರು ಇವರ ವಾದನವನ್ನು ಕೇಳಿ ಬೆರಗಾಗಿ, ಜೊತೆಯಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯವರ ಸಂಗೀತೋತ್ಸವದಲ್ಲಿ ಇವರ ಕಛೇರಿಯಾಯಿತು. 2004ರಲ್ಲಿ ಪದ್ಮಶ್ರೀ ಲಭಿಸಿತು. ಅಮೆರಿಕದಲ್ಲಿ ಬೆಳೆದ, ಭಾರತೀಯ ತಂದೆತಾಯಿಗಳ ಮಗನಾದ ಜಾಸ್ ವಾದಕ ರುದ್ರೇಶ್ ಮಹಾಂತಪ್ಪನವರಿಗೆ ಅವರ ಅಣ್ಣನು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ತಂದುಕೊಟ್ಟಿದ್ದನಂತೆ. ಅದರ ಫಲವಾಗಿ 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ಮುದ್ರಿಕೆಯು ಹೊರಬಂದಿತು. ಅದಕ್ಕಿಟ್ಟ ಹೆಸರು 'ಕಿನ್ಸ್‌ಮೆನ್', ಎಂದರೆ ಬಂಧುಗಳು. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು.

ತನಿಯಪ್ಪನವರ ವಿದ್ಯೆಯು ಮಗನಲ್ಲಿ ನಷ್ಟವಾಯಿತೆಂದು ಯಾರು ಹೇಳಬಲ್ಲರು? ಉಸಿರಿನ ಹಿಡಿತ, ರಾಗದ ಸಂಸ್ಕಾರ, ತಾಳದ ಅಳತೆ, ಇವೆಲ್ಲವೂ ನಾಗಸ್ವರದ ಮನೆಯಿಂದಲೇ ಬಂದ ಸೊತ್ತು. ಆದುದರಿಂದ ಮಗನು ಬೇರೊಂದು ವಿದ್ಯೆಯನ್ನು ಬೇಡಿದಾಗ ಒಡನೆಯೇ ಬೇಡವೆನ್ನಬೇಡಿರಿ, ಒಡನೆಯೇ ಒಪ್ಪಲೂಬೇಡಿರಿ. ಅದಕ್ಕಾಗಿ 20 ವರ್ಷ ಬೆವರು ಸುರಿಸುವ ಛಲವು ಅವನಲ್ಲಿ ಉಂಟೇ ಎಂಬುದನ್ನು ಮೊದಲು ನೋಡಿರಿ. ಉಂಟೆಂದು ಕಂಡರೆ, ಮನೆಯ ವಿದ್ಯೆಯನ್ನು ಬುತ್ತಿ ಕಟ್ಟಿಕೊಟ್ಟು ಹರಸಿ ಕಳುಹಿಸಿರಿ.