ಹಳೆಯ ಶಾಲೆಯ ಗೋಡೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು 1997ರವರೆಗೆ ಶಿವಮೊಗ್ಗೆ ಜಿಲ್ಲೆಗೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು; ಈಗ ನಾಲ್ಕೂ ದಾವಣಗೆರೆಯವು. ಮೈಸೂರು ಸೀಮೆಯ ಇಂಥ ಊರುಗಳ ಮಕ್ಕಳು ಮೊದಲು ಜಗಲಿಯಲ್ಲಿ, ಗುಡಿಯಂಗಳದಲ್ಲಿ, ಮರಳಿನ ಮೇಲೆ ಅಕ್ಷರ ತಿದ್ದಿದವರು. 1857ರಲ್ಲಿ ವಿದ್ಯಾ ಇಲಾಖೆ ಹುಟ್ಟಿತು, 1868ರಲ್ಲಿ ಬಿ. ಎಲ್. ರೈಸ್ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಹೂಡಿದರು.

ಈ ಸೀಮೆಯ ಹಳೆಯ ಶಾಲೆಗಳನ್ನು ವಾಚಕರು ಕಂಡೇ ಇರುವರು: ದಪ್ಪ ಗೋಡೆ, ಸುಣ್ಣದ ಗಾರೆ, ಮುಂದೆ ಕಂಬಸಾಲಿನ ಪಡಸಾಲೆ, ಮೇಲೆ ಮಂಗಳೂರು ಹೆಂಚು. ಈ ಹೆಂಚನ್ನು ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಮಾಡತೊಡಗಿದರು. ಒಂದರ ಅಂಚು ಮತ್ತೊಂದನ್ನು ಕಚ್ಚಿಕೊಳ್ಳುವುದರಿಂದ ಮಳೆ ಒಳಗಿಳಿಯದು; ಬಿಸಿಗಾಳಿ ಮಾತ್ರ ಸಂದುಗಳಿಂದ ಹೊರಬೀಳುವುದು. ಚೈತ್ರದ ಬಿಸಿಲಿನಲ್ಲಿಯೂ ಅಲ್ಲಿ ಕುಳಿತು ಮಗ್ಗಿ ಒಪ್ಪಿಸಬಹುದು.

ಈಗ ರಿಪೇರಿಯೆಂದು ಸುಣ್ಣದ ಗೋಡೆಗೆ ಸಿಮೆಂಟು ಬಳಿಯುವುದುಂಟು. ಸುಣ್ಣವು ತೇವವನ್ನು ಹೀರಿ ಹೊರಬಿಡತಕ್ಕದ್ದು. ಸಿಮೆಂಟು ಅದನ್ನು ಒಳಗೇ ಕೂಡಿಹಾಕುವುದು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಉಬ್ಬಿ ಉದುರುವುದು. ಆಗ ಕಟ್ಟಡವೇ ಶಿಥಿಲವೆಂದು ಬರೆದು ಕೆಡಹುವರು. ಪಾಪ, ಗೋಡೆಯ ತಪ್ಪೇನು? ಶಾಲೆಯ ಸಮಿತಿಯಲ್ಲಿರುವ ವಾಚಕರು ಗುತ್ತಿಗೆದಾರನನ್ನು ಮೊದಲು ಕೇಳಬೇಕಾದುದು, ಸುಣ್ಣ ಕಲಸಬಲ್ಲ ಗಾರೆಯವನು ಆತನಲ್ಲಿರುವನೇ ಎಂದು. ಒಡೆದ ಹೆಂಚುಗಳನ್ನಂತೂ ಮುಂಗಾರಿಗೆ ಮುನ್ನವೇ ಬದಲಿಸಿಬಿಡಲಿ.