ಹೊಸ ಆಟಗಾರನಿಗೆ ಎಷ್ಟು ಕಾಲಾವಕಾಶ?

1990ರ ದಶಕದಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೇವೆಯಲ್ಲಿದ್ದಾಗ, ಕಚೇರಿಯ ಕೆಲಸ ಮುಗಿಸಿ ಒಂದು ಸಂಜೆ ದಾಂಡೇಲಿಯಲ್ಲಿ ಫುಟ್‌ಬಾಲ್ ಪಂದ್ಯ ನೋಡುತ್ತ ನಿಂತಿದ್ದೆ. ಜೋಯಿಡಾ ಕಡೆಯ ಕಾಡಿನ ಹಳ್ಳಿಯಿಂದ ಬಂದ ಸಿದ್ದಿ ಹುಡುಗನೊಬ್ಬ ಊರಿನ ತಂಡದ ಮಧ್ಯಭಾಗದಲ್ಲಿ ಆಡುತ್ತಿದ್ದ. ಚೆಂಡು ಸಿಕ್ಕರೆ ಇಬ್ಬರು ಮೂವರನ್ನು ತಪ್ಪಿಸಿಕೊಂಡು ಮುನ್ನುಗ್ಗುವುದು ಅವನಿಗೆ ಗೊತ್ತಿದ್ದ ಆಟ. ಉಳಿದವರದ್ದು ಚೆಂಡನ್ನು ಕಾಲಲ್ಲಿ ನಿಲ್ಲಗೊಡದೆ ದಾಟಿಸುವ ಆಟ. ಅವನು ತಲೆಯೆತ್ತಿ ನೋಡುವಷ್ಟರಲ್ಲಿ ಜೊತೆಯವರು ಬೇರೆಲ್ಲೋ ಓಡಿರುತ್ತಿದ್ದರು. ‘ಪಾಸ್ ಕೊಡೋ’ ಎಂಬ ಕೂಗು ವಿರಾಮಕ್ಕೆ ಮೊದಲೇ ‘ಹೊರಗೆ ಹಾಕ್ರೀ ಅವನ್ನ’ ಎಂದಾಯಿತು. ವಿರಾಮದ ನಂತರ ಹುಡುಗ ಮೈದಾನಕ್ಕೆ ಇಳಿಯಲಿಲ್ಲ.

ತಂಡವೊಂದರ ಶೈಲಿಗೆ ಹೊಂದಿಕೊಳ್ಳಲು ಹೆಣಗುವ ಮಿಡ್‌ಫೀಲ್ಡರ್‌ನನ್ನು ಕಂಡಾಗಲೆಲ್ಲ ನನಗೆ ಆ ಸಂಜೆ ನೆನಪಾಗುತ್ತದೆ. ಬೆಂಗಳೂರಿನ ಅಭಿಮಾನಿಗಳಿಗೂ ಇಂಥದೊಂದು ನೆನಪಿದೆ. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ 2–3ರಿಂದ ಚೆನ್ನೈಯಿನ್‌ಗೆ ಸೋತಿತು. ಚೆನ್ನೈನ ಮೂರನೆಯ ಗೋಲು ಹೊಡೆದವರು ಬ್ರೆಜಿಲ್‌ನ ರಫಾಯೆಲ್ ಆಗುಸ್ಟೊ. ಮರುವರ್ಷ ಅವರೇ ಬೆಂಗಳೂರಿಗೆ ಬಂದರು. ಆಗ ಬೆಂಗಳೂರು ಹಾಲಿ ಚಾಂಪಿಯನ್. ಡಿಮಾಸ್ ಡೆಲ್ಗಾಡೊ ಮತ್ತು ಎರಿಕ್ ಪಾರ್ಟಲು 2017ರಿಂದ ಜೊತೆಗಿದ್ದು ಮಧ್ಯಭಾಗದ ಲಯವನ್ನು ರೂಪಿಸಿದ್ದರು. ನಿರೀಕ್ಷಿಸಿದ ಹೊಳಪು ಹೊಸಬರಲ್ಲಿ ಕಾಣಲಿಲ್ಲ; ಒಂದೇ ಋತುವಿಗೆ ಆ ಅಧ್ಯಾಯ ಮುಗಿಯಿತು. ಕೌಶಲವುಳ್ಳವರಿಗೆ ಹೀಗೇಕಾಗುತ್ತದೆ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಓದಿದ ಒಂದು ಭೇದ ಇಲ್ಲಿ ನೆರವಿಗೆ ಬರುತ್ತದೆ. ಮಾನವ ಬಂಡವಾಳವನ್ನು ಕುರಿತ 1964ರ ಕೃತಿಯಲ್ಲಿ ಗ್ಯಾರಿ ಬೆಕರ್, ಎಲ್ಲಿ ಹೋದರೂ ಬೆಲೆಯುಳ್ಳ ಸಾಮಾನ್ಯ ಕೌಶಲವನ್ನೂ ಒಂದು ಸಂಸ್ಥೆಯೊಳಗೆ ಮಾತ್ರ ಬೆಲೆಯುಳ್ಳ ವಿಶಿಷ್ಟ ಕೌಶಲವನ್ನೂ ಬೇರ್ಪಡಿಸಿದರು. ಗುರಿಗೆ ಹೊಡೆಯುವುದು ಬಹುಮಟ್ಟಿಗೆ ಮೊದಲನೆಯದು. ಸಹ ಆಟಗಾರ ಯಾವ ಕ್ಷಣದಲ್ಲಿ ಯಾವ ಕಡೆಗೆ ತಿರುಗುತ್ತಾನೆಂಬ ಅರಿವು ಎರಡನೆಯದು. ಮಿಡ್‌ಫೀಲ್ಡರ್‌ನ ಆಸ್ತಿಯಲ್ಲಿ ಎರಡನೆಯದರ ಪಾಲೇ ದೊಡ್ಡದು. ತಂಡ ಬದಲಾದರೆ ಅದು ಜೊತೆಗೆ ಬರುವುದಿಲ್ಲ. ಮತ್ತೆ ಮೊದಲಿನಿಂದ ಕೂಡಿಡಬೇಕು. ಬಾರ್ಸಿಲೋನಾದ ತರಬೇತಿ ಶಾಲೆಯಲ್ಲೇ ಬೆಳೆದ ಸೆಸ್ಕ್ ಫ್ಯಾಬ್ರೆಗಾಸ್, ಎಂಟು ವರ್ಷ ಆರ್ಸೆನಲ್‌ನಲ್ಲಿದ್ದು 2011ರಲ್ಲಿ ತವರು ತಂಡಕ್ಕೆ ಮರಳಿದಾಗಲೂ ಅಲ್ಲಿ ಬೇರೂರಲಾಗದೆ 2014ರಲ್ಲಿ ಚೆಲ್ಸಿಗೆ ಹೋದರು. ತವರಿಗೆ ಮರಳಿದವರ ಪಾಡೇ ಹೀಗಾದರೆ ಹೊಸ ಊರಿಗೆ ಬಂದವರ ಮಾತೇನು?

ಈ ಮಾತನ್ನು ಮೈದಾನದ ಆಚೆಗೂ ಒಯ್ಯಬೇಕಾಗಿದೆ. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಇದೇ ಸೀಮೆಯ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕಮಲಾ ಸಿದ್ದಿ, ಜುಜೆ ಜಾಕಿ ಹರ್ನೋಡ್ಕರ್ ಅವರಂಥವರು ಅಥ್ಲೆಟಿಕ್ಸ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಆದರೆ 1990ರ ದಶಕದ ಆರಂಭದಲ್ಲಿ ಸಿದ್ದಿಗಳಿಗಾಗಿ ನಡೆಯುತ್ತಿದ್ದ ಈ ಪ್ರಯತ್ನವನ್ನೇ ಕೈಬಿಡಲಾಯಿತು. ಭಾಷೆ, ಊಟ, ಹಾಸ್ಟೆಲಿನ ಗಂಟೆ ಎಲ್ಲವೂ ಹೊಸದಾಗಿದ್ದ ಮಕ್ಕಳು ಒಗ್ಗಿಕೊಂಡು ಅರಳುವ ಹೊತ್ತಿಗೆ ಬಾಗಿಲು ಮುಚ್ಚಿತು. ಹತ್ತು ವರ್ಷದ ಮಗುವಿನ ಓಟ ಪಕ್ವವಾಗಲು ಹತ್ತು ವರ್ಷವಾದರೂ ಬೇಕೆಂಬುದು ನಮ್ಮ ಲೆಕ್ಕಾಚಾರಕ್ಕೆ ಒಗ್ಗದ ಸತ್ಯ.

ಇದನ್ನು ಬರೆಯುವಾಗ ನನ್ನನ್ನು ಹೊರಗಿಟ್ಟುಕೊಳ್ಳಲಾರೆ. ಆ ಯೋಜನೆಯ ಕಡತ ನನ್ನ ಮೇಜಿಗೆ ಬಂದದ್ದಲ್ಲ. ಆದರೆ ಬೇರೆ ಎಷ್ಟೋ ಯೋಜನೆಗಳ ಕಡತಗಳ ಮೇಲೆ ‘ನಿರೀಕ್ಷಿತ ಪ್ರಗತಿ ಕಂಡುಬಂದಿಲ್ಲ’ ಎಂದು ನಾನೂ ಬರೆದಿದ್ದೇನೆ. ಮಾರ್ಚ್ 31ರೊಳಗೆ ಫಲ ಕಾಣದ್ದೆಲ್ಲ ನಿಷ್ಫಲವೆಂದು ತಿಳಿಯುವುದು ನಮ್ಮ ವ್ಯವಸ್ಥೆಯ ಅಭ್ಯಾಸ. ಅರ್ಧ ಪಂದ್ಯದಲ್ಲೇ ತೀರ್ಪು ಕೊಟ್ಟ ಆ ಪ್ರೇಕ್ಷಕರಿಗಿಂತ ನಾನು ಹೆಚ್ಚು ತಾಳ್ಮೆ ತೋರಿದೆನೆಂದು ಹೇಳುವ ಧೈರ್ಯ ನನಗಿಲ್ಲ.

ಹಾಗೆಂದು ಎಲ್ಲರನ್ನೂ ಎಂದೆಂದಿಗೂ ಕಾಯುತ್ತ ಕೂರಲು ಸಾಧ್ಯವೆ? ಸಾಧ್ಯವಿಲ್ಲ. ತಂಡಕ್ಕೂ ಖಜಾನೆಗೂ ಮಿತಿಯಿದೆ. ಹೊಸಬನೂ ಕಲಿಯಬೇಕು; ಚೆಂಡನ್ನು ಹಿಡಿದಿಟ್ಟುಕೊಳ್ಳುವ ಚಟ ಬಿಡಬೇಕು. ಆದರೆ ಕಾಯುವ ಅವಧಿಯನ್ನು ಮೊದಲೇ ಗೊತ್ತುಮಾಡಿ, ಅಲ್ಲಿಯವರೆಗೆ ಮಾತಿಗೆ ತಪ್ಪದಿರುವುದು ಸಾಧ್ಯ. ಕ್ಲಬ್ಬುಗಳು ಹೊಸ ಮಿಡ್‌ಫೀಲ್ಡರ್‌ಗೆ ಎರಡು ಋತುಗಳನ್ನಾದರೂ ಕೊಡಲಿ. ಗ್ರಾಮೀಣ ಮತ್ತು ಬುಡಕಟ್ಟು ಮಕ್ಕಳ ಕ್ರೀಡಾ ಹಾಸ್ಟೆಲುಗಳಿಗೆ ಸರ್ಕಾರವು ವರ್ಷ ವರ್ಷ ಮಂಜೂರಾತಿ ಕೊಡುವುದನ್ನು ಬಿಟ್ಟು, ಆಯ್ಕೆಯಾದ ಮಗು ಇಪ್ಪತ್ತು ವಯಸ್ಸು ತಲುಪುವವರೆಗಿನ ವೆಚ್ಚವನ್ನು ಒಟ್ಟಿಗೆ ಕಾದಿರಿಸಲಿ. ಅಷ್ಟು ಕಾಲ ಆಡಲು ಬಿಟ್ಟಿದ್ದರೆ ದಾಂಡೇಲಿಯ ಆ ಹುಡುಗ ಏನಾಗುತ್ತಿದ್ದನೋ ನಾನು ಹೇಳಲಾರೆ. ಹೇಳಲಾಗದಂತೆ ಮಾಡಿದವರು ಸುತ್ತ ನಿಂತಿದ್ದ ನಾವು.