ಸತ್ತ ಹವಳದ ಪರವಾಗಿ

1967ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕಬ್ಬು ಬೆಳೆಗಾರರೊಬ್ಬರು, ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಸಾಲಿಗೆ ಸೇರಿದ ಎಲಿಸನ್ ದಿಬ್ಬದಿಂದ ಸುಣ್ಣಕಲ್ಲು ತೆಗೆಯಲು ಅನುಮತಿ ಕೇಳಿದರು. ಹೊಲಕ್ಕೆ ಅಗ್ಗದ ಸುಣ್ಣ ಬೇಕಿತ್ತು. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಸುಣ್ಣ ಹಾಕುವವರಿಗೆ ಈ ಅಗತ್ಯ ಅರ್ಥವಾಗುತ್ತದೆ. ಅದನ್ನು ದುರಾಸೆ ಎಂದು ನಾನು ತಳ್ಳಿಹಾಕಲಾರೆ. ಆದರೆ ಅರ್ಜಿಯ ಹಿಂದೆ ಒಂದು ವಾದವಿತ್ತು: ದಿಬ್ಬ ಹೇಗೂ ಸತ್ತಿದೆ, ತೆಗೆದರೆ ನಷ್ಟ ಯಾರಿಗೆ?

ಕಲಾವಿದ ಜಾನ್ ಬುಸ್ಟ್, ಕವಯಿತ್ರಿ ಜುಡಿತ್ ರೈಟ್, ಅರಣ್ಯ ವಿಜ್ಞಾನಿ ಲೆನ್ ವೆಬ್ ಇದನ್ನು ವಿರೋಧಿಸಿದರು. ಎಡ್ಡಿ ಹೆಗರ್ಲ್ ಮತ್ತು ಜೊತೆಯ ವಿದ್ಯಾರ್ಥಿಗಳು ನೀರಿಗಿಳಿದು ಎಣಿಸಿಯೇಬಿಟ್ಟರು: 88 ಬಗೆಯ ಜೀವಂತ ಹವಳ, 190 ಬಗೆಯ ಮೀನು. ಇನ್ನಿಸ್‌ಫೇಲ್‌ನಲ್ಲಿ ನಡೆದ ವಿಚಾರಣೆಯಲ್ಲಿ ಆ ಲೆಕ್ಕ ಗೆದ್ದಿತು, ಅರ್ಜಿ ಬಿದ್ದುಹೋಯಿತು. 1975ರಲ್ಲಿ ಇಡೀ ದಿಬ್ಬಸಾಲಿಗೆ ಸಾಗರ ಉದ್ಯಾನದ ಕಾಯ್ದೆ ಬಂದದ್ದು ಆ ಹೋರಾಟ ಮುಂದುವರಿದದ್ದರಿಂದ.

ಆ ಗೆಲುವಿನ ಮೇಲೆ ಪೂರ್ಣ ಗೌರವ ಇಟ್ಟುಕೊಂಡೇ ನನ್ನದೊಂದು ತಕರಾರು. ಲೆಕ್ಕ ತಲೆಕೆಳಗಾಗಿ ಬಂದಿದ್ದರೆ? ನಿಜಕ್ಕೂ ದಿಬ್ಬ ಸತ್ತಿದ್ದರೆ, ಕೊಟ್ಟುಬಿಡಬೇಕಿತ್ತೇ?

ಹವಳವೆಂದರೆ ನಮ್ಮ ಕಣ್ಣಮುಂದೆ ಬರುವುದು ಸರದಲ್ಲಿ ಪೋಣಿಸಿದ ಕೆಂಪು ಮಣಿ. ದಿಬ್ಬ ಕಟ್ಟುವ ಹವಳದ ತುಂಡನ್ನು ಕೈಯಲ್ಲಿ ಹಿಡಿದು ನೋಡಿ: ಸುಣ್ಣದ ಬಿಳುಪು, ಮೈತುಂಬ ಸಣ್ಣ ಸಣ್ಣ ಗುಳಿ. ಒಂದೊಂದು ಗುಳಿಯೂ ಒಂದೊಂದು ಜೀವಿ ಕೂತಿದ್ದ ಮನೆ. ಆ ಜೀವಿ ತನ್ನ ಕೆಳಗೆ ಸುಣ್ಣ ಒಸರಿಸುತ್ತ ಮೇಲೇರುತ್ತದೆ. ಬದುಕಿರುವುದು ಮೇಲಿನ ತೆಳು ಪದರ ಮಾತ್ರ, ಅಡಿಯ ರಾಶಿಯೆಲ್ಲ ಹಿಂದಿನ ತಲೆಮಾರುಗಳ ಅಸ್ಥಿ. ಮರದಲ್ಲೂ ಚೇಗು ಸತ್ತ ಭಾಗವೇ. ತೊಗಟೆ ಬಿಟ್ಟು ಚೇಗು ಮಾತ್ರ ಕೊಯ್ದುಕೊಳ್ಳುತ್ತೇನೆ ಎಂದು ಯಾರಾದರೂ ಬಂದರೆ ಒಪ್ಪುತ್ತೇವೆಯೇ?

ಹವಳದ ಮರಿ ಮರಳಲ್ಲಿ ನೆಲೆಯೂರದು. ತೇಲುತ್ತ ಬಂದು ಗಟ್ಟಿ ನೆಲ ಹುಡುಕುತ್ತದೆ. ಹಳೆಯ ಅಸ್ಥಿಯ ಮೇಲೆ ಗುಲಾಬಿ ಬಣ್ಣದ ಸುಣ್ಣದ ಪಾಚಿ ಹಬ್ಬಿದ್ದರೆ ಅಲ್ಲಿ ಅಂಟಿಕೊಳ್ಳುತ್ತದೆ. ಅಲೆಯ ಹೊಡೆತ ಮುರಿಯುವುದೂ, ಮೀನಿಗೆ ಪೊಟರೆ ಕೊಡುವುದೂ ಅದೇ ಅಸ್ಥಿ. ಅದನ್ನು ಅಗೆದಾಗ ಏಳುವ ರಾಡಿ ನೀರಿನ ಸೆಳೆತಕ್ಕೆ ಸಿಕ್ಕಿ ಪಕ್ಕದ ಜೀವಂತ ಹವಳದ ಮೇಲೂ ಕೂರುತ್ತದೆ.

ಎಣಿಕೆಯನ್ನೇ ನೆಚ್ಚಿದರೆ ಎಣಿಕೆ ಇಳಿದ ದಿನ ನಮ್ಮ ಬಾಯಿ ಕಟ್ಟುತ್ತದೆ. ಕಡಲು ಕಾದು 2016, 2017, 2020, 2022, 2024ರಲ್ಲಿ ಅದೇ ದಿಬ್ಬಸಾಲು ವ್ಯಾಪಕವಾಗಿ ಬಿಳಚಿಕೊಂಡಿತು. ಬಿಳಚಿದ್ದೆಲ್ಲ ಸತ್ತಂತಲ್ಲ, ನೀರು ಬೇಗ ತಣಿದರೆ ಚೇತರಿಸಿಕೊಳ್ಳುವುದುಂಟು. ಆದರೂ ‘ಹೇಗೂ ಹೋಗುವುದೇ’ ಎಂಬ ಮಾತಿಗೆ ಈಗ ಬಲ ಬಂದಿದೆ. ನಮ್ಮ ಗ್ರೇಟ್ ನಿಕೋಬಾರ್‌ನ ಬಂದರು ಯೋಜನೆಯಲ್ಲಿ 16,150 ಹವಳದ ಗುಂಪುಗಳನ್ನು ಬೇರೆಡೆ ಸಾಗಿಸುವ ಪ್ರಸ್ತಾವವಿದೆ. ಸಾಗಿಸುವವರ ಶ್ರದ್ಧೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಜೀವಂತವಾದದ್ದನ್ನು ಎಣಿಸಿ ಎತ್ತಿಟ್ಟರೆ ಉಳಿದದ್ದು ಬರೀ ಕಲ್ಲು ಎಂಬ ನಂಬಿಕೆ ಇಲ್ಲೂ ಅಡಗಿದೆ.

ಎಲಿಸನ್ ದಿಬ್ಬದಲ್ಲಿ ಅಂದು ಒಂದೇ ಒಂದು ಜೀವಂತ ಹವಳ ಸಿಗದೆ ಹೋಗಿದ್ದರೂ ಆ ಅರ್ಜಿ ತಿರಸ್ಕಾರಕ್ಕೇ ಯೋಗ್ಯವಾಗಿತ್ತು.